ಯಂಕವ್ವನ ಬಲಗಣ್ಣು

ಆ ಬೇಸಿಗೆಯಲ್ಲಿ ಶಂಭುಲಿಂಗನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಆಶ್ರಮದ ಗುರುಗಳಾದ ಅಮೃತಯ್ಯನವರು ಅವನಿಗೆ ತರ್ಕ ಹೇಳಿಕೊಡಲು ಶುರುಮಾಡಿದ್ದರು.

ಕಾರಣದಂತೆ ಕಂಡು ಕಾರಣವಲ್ಲದ ಮಾತಿಗೆ ಹೇತ್ವಾಭಾಸ ಎಂದು ಹೆಸರು. ಅದನ್ನು ಕಲಿತ ಮೇಲೆ ಅವನಿಗೆ ಎಲ್ಲರ ಬಾಯಲ್ಲೂ ಅದೇ ಕೇಳಿಸತೊಡಗಿತು.

ಅಡುಗೆಯವನು, "ಹಿಂದಿನಿಂದ ಹೀಗೇ ಮಾಡಿದ್ದು, ಅದಕ್ಕೇ ಇದು ಸರಿ" ಅಂದರೆ ಶಂಭು ಒಲೆಯ ಮುಂದೆಯೇ ಕೂತು ವಾದಕ್ಕಿಳಿಯುತ್ತಿದ್ದ. "ಊರೆಲ್ಲ ಹೇಳುತ್ತಿದೆ" ಅಂದ ಹಾಲಿನವನನ್ನು, "ಊರೆಲ್ಲ ಹೇಳಿದರೆ ಸುಳ್ಳು ನಿಜವಾಗುತ್ತದೆಯೇ?" ಎಂದು ಬಾಗಿಲಲ್ಲೇ ತಡೆಯುತ್ತಿದ್ದ.

ಗುರುಗಳು ನೋಡುತ್ತಿದ್ದರು.

ಒಂದು ಬೆಳಿಗ್ಗೆ ಆಶ್ರಮದ ಓಲೆಗರಿಯ ಕಟ್ಟುಗಳಿಗೆ ಬಿಸಿಲು ತೋರಿಸಬೇಕಾಗಿತ್ತು. ಅಂಗಳದಲ್ಲಿ ಮರಗಳ ನೆರಳು. ಶಂಭು ಇಬ್ಬರು ಗೆಳೆಯರೊಂದಿಗೆ ಮೊಣಕಾಲುದ್ದದ ನೀರು ದಾಟಿ, ಪಕ್ಕದ ಹೊಳೆಯ ನಡುವಿನ ಮರಳುದಿಬ್ಬದ ಮೇಲೆ ಅವನ್ನು ಹರವಿದ. ಮೂವತ್ತು ಕಟ್ಟು. ಕೆಲವನ್ನು ಗುರುಗಳ ಗುರುಗಳೇ ಬರೆದಿದ್ದರು. ಅವಕ್ಕೆ ಬೇರೆ ಪ್ರತಿ ಇರಲಿಲ್ಲ.

ಅದೇ ಮರಳಿನಲ್ಲಿ ಕಲ್ಲಂಗಡಿ ಬೆಳೆಯುವ ಮುದುಕಿ ಯಂಕವ್ವ ಅವಸರದಲ್ಲಿ ಬುಟ್ಟಿಗೆ ಹಣ್ಣು ತುಂಬುತ್ತಿದ್ದಳು.

"ತಮ್ಮಾ, ಇವತ್ತ ಹೊಳಿ ಬರತೈತಿ. ನಿಮ್ಮ ಗಂಟು ಎತ್ಕೊಂಡು ದಂಡಿಗೆ ಹೋಗ್ರಿ."

ಹೊಳೆಗೆ ನೆರೆ ಬರುತ್ತದೆ ಅನ್ನಲು ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

"ನಿನಗೆ ಹೇಗೆ ಗೊತ್ತು ಅವ್ವಾ?"

"ಮುಂಜಾನಿಂದ ಬಲಗಣ್ಣು ಅದರತೈತಿ. ಹೋದ ಸಲ ಹೊಳಿ ಬಂದಾಗೂ ಹಿಂಗ ಅದರಿತ್ತು."

ಶಂಭುವಿನ ಮುಖ ಅರಳಿತು. ಪಾಠದಲ್ಲಿ ಕೇಳಿದ್ದು ಕಣ್ಣೆದುರೇ ಬಂದು ನಿಂತಿತ್ತು.

"ಮೊದಲು ಆದದ್ದೇ ಆಮೇಲಿನದಕ್ಕೆ ಕಾರಣ ಅಂತ ಹೇಗೆ ಹೇಳುತ್ತೀ? ಹೋದ ಸಲ ಹೊಳೆ ಬರುವ ಮುಂಚೆ ನೀನು ಊಟವನ್ನೂ ಮಾಡಿರುತ್ತೀ. ಊಟ ಮಾಡಿದ್ದಕ್ಕೆ ಹೊಳೆ ಬಂತೇ? ಕಣ್ಣು ಅದುರಿಯೂ ಹೊಳೆ ಬಾರದ ದಿನ ಎಷ್ಟಿವೆಯೋ, ಅವು ನೆನಪಿವೆಯಾ?"

ಗೆಳೆಯರು ನಕ್ಕರು. ಯಂಕವ್ವ ಏನೋ ಹೇಳಲು ಹೋಗಿ ಅರ್ಧಕ್ಕೇ ಬಿಟ್ಟಳು.

"ನನಗ ಅಷ್ಟೆಲ್ಲಾ ತಿಳಿಯಂಗಿಲ್ಲಪ್ಪಾ" ಎಂದು ಬುಟ್ಟಿ ಹೊತ್ತು ದಡಕ್ಕೆ ಹೋದಳು.

ಶಂಭುವಿಗೆ ಎದೆ ಉಬ್ಬಿತು. ಸಂಜೆ ಗುರುಗಳಿಗೆ ಇದನ್ನು ಹೇಗೆ ಹೇಳಬೇಕೆಂದು ಅವನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದ.

ಬಿಸಿಲು ನೆತ್ತಿಗೆ ಬಂದಾಗ ಹೊಳೆಯ ತಿರುವಿನಲ್ಲಿ ಸದ್ದಾಯಿತು. ಕೆಂಪು ನೀರು ಟೊಂಗೆಗಳನ್ನು ಉರುಳಿಸಿಕೊಂಡು ಬರುತ್ತಿತ್ತು.

ಮೂವರೂ ಕೈಗೆ ಸಿಕ್ಕ ಕಟ್ಟುಗಳನ್ನು ಬಾಚಿಕೊಂಡು ಓಡಿದರು. ದಡದಲ್ಲಿದ್ದ ಯಂಕವ್ವ ಸೀರೆ ಎತ್ತಿಕಟ್ಟಿ ನೀರಿಗಿಳಿದು, ಅವರ ಕೈಯಿಂದ ಕಟ್ಟುಗಳನ್ನು ಇಸಿದುಕೊಂಡು ದಡಕ್ಕೆ ಎಸೆದಳು. ಮತ್ತೆ ಹೋದರು. ಮತ್ತೆ ಬಂದರು. ಮೂರನೆಯ ಸಲಕ್ಕೆ ನೀರು ಸೊಂಟ ಮುಟ್ಟಿತ್ತು.

ದಿಬ್ಬದ ಮೇಲೆ ಇನ್ನೂ ಎರಡು ಕಟ್ಟು ಉಳಿದಿದ್ದವು. ಶಂಭು ಮತ್ತೆ ಧುಮುಕಲು ಹೊರಟ. ಮುದುಕಿ ಅವನ ರಟ್ಟೆ ಹಿಡಿದಳು, ಬಿಡಲಿಲ್ಲ. ಅವನು ನೋಡುತ್ತಿದ್ದಂತೆಯೇ ಆ ಎರಡನ್ನೂ ನೀರು ಎತ್ತಿಕೊಂಡು ಹೋಯಿತು.

ಸುದ್ದಿ ಕೇಳಿ ಗುರುಗಳು ದಡಕ್ಕೆ ಬಂದರು. ಶಂಭು ನಡೆದದ್ದನ್ನೆಲ್ಲ ಹೇಳಿದ.

"ನನ್ನ ವಾದ ಎಲ್ಲಿ ತಪ್ಪಿತು ಗುರುಗಳೇ?"

ಗುರುಗಳು ಯಂಕವ್ವನ ಕಡೆ ತಿರುಗಿದರು. "ಕಣ್ಣು ಅದುರಿದ್ದು ಬಿಟ್ಟು, ಬೆಳಿಗ್ಗೆ ಬೇರೇನಾದರೂ ಕಂಡಿತ್ತೇನಮ್ಮಾ?"

"ಇರುವಿ ತತ್ತಿ ಕಚ್ಕೊಂಡು ದಿಬ್ಬದ ನೆತ್ತಿಗೆ ಏರಾಕ ಹತ್ತಿದ್ದವ್ರಿ. ನೀರು ತಣ್ಣಗಾಗಿತ್ತು. ಹಸಿ ಎಲಿ ತೇಲಿ ಬರತಿದ್ದವು. ಮ್ಯಾಲೆ ಎಲ್ಲ್ಯೋ ಮಳಿ ಹೊಡದಿರಬೇಕು ಅನ್ಕೊಂಡೆ."

ಶಂಭು ಅವಳನ್ನೇ ನೋಡಿದ. "ಇದನ್ನು ನನಗೆ ಯಾಕೆ ಹೇಳಲಿಲ್ಲ ಅವ್ವಾ?"

"ಹೇಳಬೇಕಂದ್ರ ನೀ ನನ್ನ ಊಟದ ಮಾತು ತಗದಿ."

ಶಂಭು ತಲೆ ತಗ್ಗಿಸಿದ. "ಇನ್ನು ಮುಂದೆ ಅವ್ವನ ಕಣ್ಣು ಅದುರಿತು ಅಂದರೆ ಸಾಕು, ನಾನು ಹೊಳೆಗೆ ಇಳಿಯುವುದಿಲ್ಲ" ಎಂದ.

"ಯಾಕೆ? ಕಣ್ಣಿಗೂ ಹೊಳೆಗೂ ಸಂಬಂಧವಿಲ್ಲ ಎಂದು ನೀನೇ ತೋರಿಸಿದೆಯಲ್ಲ" ಎಂದರು ಗುರುಗಳು.

"ಹಾಗಾದರೆ ನನ್ನ ವಾದ ಸರಿಯೇ?"

"ಸರಿಯಾಗಿಯೇ ಇತ್ತು. ಅದನ್ನು ಕೇಳಿ ಯಂಕವ್ವ ಸುಮ್ಮನಾದಳು. ಹೊಳೆ ಸುಮ್ಮನಾಗಲಿಲ್ಲ."