ಸನ್ನೆ ಟೀಚರ ಹುದ್ದೆ ಉಳಿದದ್ದು

ನಾನು ನಮ್ಮೂರ ಸರ್ಕಾರಿ ಶಾಲೆಯ ಗುಮಾಸ್ತ. ಅಲ್ಲಿ ಕಿವಿ ಕೇಳಿಸದ ಒಂಬತ್ತು ಸಣ್ಣ ಮಕ್ಕಳಿದ್ದಾರೆ. ಅವರಿಗೆ ಸನ್ನೆ ಭಾಷೆಯಲ್ಲಿ ಕಲಿಸುವವರು ಮೆಹಜಬೀನ್ ಟೀಚರ್ ಒಬ್ಬರೇ.

ಒಂದು ದಿನ ತಪಾಸಣೆಗೆ ಬಂದ ಸಾಹೇಬರು ಗುಡುಗಿದರು: "ಈ ಹುದ್ದೆ ಕಾನೂನಿನಾಗ ಐತಿ, ಆದರ ಅನುದಾನ ಇಲ್ಲ. ತೆಗೀರಿ. ಬೇಕಂದ್ರ ಮಕ್ಕಳೇ ಬಂದು ನನಗ ಹೇಳಲಿ."

ಎದುರು ಮಾತಾಡುವಷ್ಟು ಧೈರ್ಯ ನನಗೆಲ್ಲಿ? "ಆಗಲಿರೀ ಸರ್" ಎಂದು ಮಕ್ಕಳನ್ನು ಕರೆತಂದು ನಿಲ್ಲಿಸಿದೆ. ಟೀಚರನ್ನು ಮಾತ್ರ ಕರೆಯಲಿಲ್ಲ. ಸಾಹೇಬರ ಗುಡುಗು ಕೇಳಿದ್ದ ಅವರು ವಿಷಯವನ್ನು ಮಕ್ಕಳಿಗೆ ಮೊದಲೇ ತಿಳಿಸಿದ್ದರು. ಹದಿನೆಂಟು ಕೈಗಳು ಒಟ್ಟಿಗೇ ಮಾತಾಡತೊಡಗಿದವು.

"ಏನ ಹೇಳಾಕತ್ತಾರ?" ಎಂದರು ಸಾಹೇಬರು.

"ತಿಳೀವಲ್ದ್ರೀ ಸರ್. ಹನ್ನೊಂದು ವರ್ಷದಾಗ ನಾ ಕಲ್ತಿದ್ದು ಊಟದ ಸನ್ನೆ ಒಂದೇ."

"ಮತ್ತ ಯಾರಿಗೆ ತಿಳೀತದ?"

"ನೀವು ತೆಗೀರಿ ಅಂದ್ರಲ್ರೀ, ಆ ಟೀಚರಿಗೆ."

ಸಾಹೇಬರು ಕೆಮ್ಮಿದರು. ಟೀಚರನ್ನು ಕರೆಸಿದರು. ಟೀಚರ್ ಬಂದು ಮಕ್ಕಳ ಕೈ ನೋಡಿ, ನನ್ನ ಮುಖ ನೋಡಿ, ಸಂಕೋಚದಿಂದ ಹೇಳಿದರು: "ನಮ್ಮನ್ನ ಈ ಗುಮಾಸ್ತರ ಕೈಯಾಗ ಕೊಡಬ್ಯಾಡ್ರಿ, ಹೊಟ್ಟಿನೋವು ಅಂದ್ರೂ ಊಟಕ್ಕ ಕಳಸ್ತಾರ ಅಂತಾರ್ರೀ ಸರ್."

ಸಾಹೇಬರು ನಗು ತಡೆಯಲಾಗದೆ ಕಡತದಲ್ಲಿ ಬರೆದರು: 'ಗುಮಾಸ್ತರ ಅಜ್ಞಾನವನ್ನು ಪರಿಗಣಿಸಿ ಹುದ್ದೆ ಮುಂದುವರಿಸಿದೆ. ಅನುದಾನಕ್ಕೆ ನಾನೇ ಬರೆಯುತ್ತೇನೆ.'

ಆ ಆದೇಶವನ್ನು ಮೂರು ಪ್ರತಿ ಟೈಪ್ ಮಾಡಿದವನೂ ನಾನೇ.