ಶಾಲು ಹೊದ್ದ ಡಬ್ಬಿ

ಪ್ರೌಢಶಾಲೆಯ ವಿದ್ಯಾರ್ಥಿ ಸಂಘದವರು ಹೊಸ ವಾಲಿಬಾಲ್ ನೆಟ್ಟಿಗೆಂದು ಊರೆಲ್ಲ ಸುತ್ತಿ ಚಂದಾ ಎತ್ತಿದರು. ತುಂಬಿದ ಚಂದಾ ಡಬ್ಬಿ ಆಟದ ಸಾಮಾನಿನ ಕೋಣೆಗೆ ಬಂದು, ಮೊಳೆಗೆ ನೇತುಬಿದ್ದಿದ್ದ ಹರಕು ನೆಟ್ಟಿಗೆ ಹೇಳಿತು: “ಅಜ್ಜಾ, ಇನ್ನು ನಿಮಗೆ ನಿವೃತ್ತಿ. ನಿಮ್ಮ ಜಾಗಕ್ಕೆ ಹೊಸಬರನ್ನು ತರುವಷ್ಟು ದುಡ್ಡು ನನ್ನ ಹೊಟ್ಟೆಯಲ್ಲಿದೆ!”

“ಸಂತೋಷ ಕಣಪ್ಪ” ಎಂದಿತು ನೆಟ್ಟು.

ಅಷ್ಟರಲ್ಲಿ ಸಂಘದ ಅಧ್ಯಕ್ಷೆ ಮೈತ್ರಾ ಓಡಿಬಂದಳು. ಚಂದಾ ಕೊಟ್ಟವರಿಗೆ ಸನ್ಮಾನ ಮಾಡದೆ ಇರುವುದುಂಟೇ? ಡಬ್ಬಿಯಿಂದ ಹತ್ತು ಶಾಲಿನ ದುಡ್ಡು ಹೋಯಿತು. ಅವರಿಗೆ ಹೊದಿಸಿದ ಮೇಲೆ ಹೆಡ್‌ಮಾಸ್ಟರಿಗೆ ಬೇಡವೇ? ಅದನ್ನು ಕಂಡು ಪಿ.ಟಿ. ಮೇಷ್ಟ್ರು ಮುಖ ಊದಿಸಿಕೊಂಡರು, ಅವರಿಗೂ ಒಂದು. ನಿರೂಪಣೆ ಮಾಡಿದವರಿಗೆ, ಶಾಮಿಯಾನ ಹಾಕಿದವರಿಗೆ, ಕೊನೆಗೆ ಶಾಲು ಮಾರಿದ ಅಂಗಡಿಯವರಿಗೂ ಒಂದು!

ಕಿಟಕಿಯಾಚೆ ಚಪ್ಪಾಳೆ ಬಿದ್ದಾಗಲೆಲ್ಲ ಡಬ್ಬಿ ಕುಣಿಯಿತು. “ಕೇಳಿದಿರಾ ಅಜ್ಜಾ? ಎಲ್ಲ ನನ್ನ ದುಡ್ಡಿನ ಚಪ್ಪಾಳೆ!”

ಕಡೆಗೆ ಮೈತ್ರಾ ಮೈಕಿನಲ್ಲಿ ಕೂಗಿದಳು: “ಇಷ್ಟೆಲ್ಲ ಹಣ ಕೂಡಿಸಿಕೊಟ್ಟ ನಮ್ಮ ಡಬ್ಬಿಗೂ ಈಗ ಸನ್ಮಾನ!” ಉಳಿದಿದ್ದ ಅಷ್ಟೂ ದುಡ್ಡಿಗೆ ಜರಿಯಂಚಿನ ಶಾಲು ಬಂತು.

ಡಬ್ಬಿ ಅದನ್ನು ಹೊದ್ದು, ಮದುವಣಿಗನ ಹಾಗೆ ಬೀಗುತ್ತ ಕೋಣೆಗೆ ಮರಳಿತು. “ಹೇಗೆ ಕಾಣಿಸುತ್ತೇನೆ ಅಜ್ಜಾ?”

“ಬಹಳ ಚೆನ್ನಾಗಿ ಕಾಣಿಸುತ್ತೀಯಪ್ಪ” ಎಂದಿತು ನೆಟ್ಟು. “ಆ ಶಾಲು ಸ್ವಲ್ಪ ಈ ಕಡೆ ಕೊಡು. ನಾಳೆ ಮ್ಯಾಚಿದೆ, ನನ್ನ ನಡುವಿನ ತೂತಿಗೆ ಕಟ್ಟಿಕೊಳ್ಳುತ್ತೇನೆ.”