ಓಬಳೇಶ ರ್ಯಾಲಿ ಗೆಲ್ಲಿಸಿದ್ದು

ಹೂಂಗುಟ್ಟೋರು ಹೂಂಗುಟ್ಟಿ, ನಗೋರು ಸ್ವಲ್ಪ ತಡೆದು ನಗಿ. ಹೊಸದುರ್ಗದಾಚೆ, ಗುಡ್ಡದ ನೆತ್ತಿ ಮೇಲೆಲ್ಲ ಗಾಳಿಕಂಬ ತಿರುಗ್ತಾವಲ್ಲ, ಆ ಕಡೆ ಕೋಡುಗಲ್ಲು ಅಂತ ಒಂದೂರು. ಆ ಊರಲ್ಲಿ ಪಾಲಮ್ಮ ಅಂತ ಒಬ್ಬಳು. ಮಂಡಕ್ಕಿ, ಮೆಣಸಿನಕಾಯಿ ಬೋಂಡ ಮಾಡಿ ಮಾರ್ತಿದ್ದಳು. ಅವಳಿಗೆ ಒಬ್ಬನೇ ಮಗ, ಓಬಳೇಶ. ಆಳು ನೋಡಿದ್ರೆ ಎತ್ತಿನಂಥ ಆಳು. ಮೀಸೆ ನೋಡಿದ್ರೆ ಪೈಲ್ವಾನನ ಮೀಸೆ. ಬುದ್ಧಿ ಮಾತ್ರ ಹೇಳಿದ್ದನ್ನ ಹೇಳಿದ ಹಾಗೇ ಮಾಡೋ ಬುದ್ಧಿ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ.

ಒಂದಿನ ಪಾಲಮ್ಮ, "ಲೇ ಓಬ, ಬಾಣಲೆ ಮೇಲೆ ಒಂದು ಕಣ್ಣಿಟ್ಟಿರು" ಅಂತ ಹೇಳಿ ನೀರಿಗೆ ಹೋದಳು. ವಾಪಸ್ ಬಂದು ನೋಡ್ತಾಳೆ, ಬೋಂಡ ಎಲ್ಲ ಇದ್ದಿಲು! ಓಬಳೇಶ ಒಂದು ಕಣ್ಣನ್ನ ಅಂಗೈಯಲ್ಲಿ ಮುಚ್ಚಿಕೊಂಡು, ಇನ್ನೊಂದರಲ್ಲಿ ಬಾಣಲೆಯನ್ನೇ ನೋಡ್ತಾ ಕೂತಿದ್ದಾನೆ.

"ಅಯ್ಯೋ ನನ್ನ ಕರ್ಮವೇ! ಕರಕಲಾಗೋದು ಕಾಣಲಿಲ್ವೇನೋ?"

"ಕಾಣ್ತಿತ್ತವ್ವ! ಚೆನ್ನಾಗಿ ಕಾಣ್ತಿತ್ತು!"

"ಮತ್ತೆ ಆ ಕಣ್ಣು ಯಾಕೋ ಮುಚ್ಕೊಂಡಿದ್ದೀಯ?"

"ಒಂದೇ ಕಣ್ಣು ಅಂದಿದ್ಯಲ್ಲವ್ವ!"

ಪಾಲಮ್ಮ ಹಣೆ ಚಚ್ಚಿಕೊಂಡಳು. ಬೈದಳು. ಬೈದು ಬೈದು ಸಾಕಾಗಿ ಹೊಸ ಬುದ್ಧಿ ಹೇಳಿದಳು. ಓಬಳೇಶನ ತಲೆಯಲ್ಲಿ ಜಾಗ ಇದ್ದದ್ದು ಒಂದೇ ಬುದ್ಧಿಮಾತಿಗೆ. ಹೊಸದು ಒಳಗೆ ಬಂತೋ, ಹಳೇದು ಎದ್ದು ಹೊರಗೆ ಹೋಗ್ತಿತ್ತು.

ಆ ವರ್ಷ ಕೋಡುಗಲ್ಲಿನ ಮಣ್ಣುದಾರಿಗೆ ಕಾರಿನ ರ್ಯಾಲಿ ಬಂತು. ರ್ಯಾಲಿ ಅಂದ್ರೆ ಕಾರೆಲ್ಲ ಒಟ್ಟಿಗೆ ಓಡೋದಲ್ಲ. ಒಂದಾದ ಮೇಲೆ ಒಂದು ಬಿಡ್ತಾರೆ. ಯಾರು ಕಮ್ಮಿ ಹೊತ್ತಲ್ಲಿ ಗುಡ್ಡ ಹತ್ತಿ ಮುಗಿಸ್ತಾರೋ ಅವರು ಗೆದ್ದ ಹಾಗೆ. ಬುಡದ ಬಯಲಲ್ಲಿ ಟೀಮಿನೋರ ಡೇರೆಗಳು, ನೆತ್ತಿಯಲ್ಲಿ ಮುಗಿಯೋ ಗೆರೆ. ಬಯಲಿನ ಪಕ್ಕದಲ್ಲೇ ಪಾಲಮ್ಮ ಒಲೆ ಹೂಡಿದಳು. ಜನವೋ ಜನ! ಬೋಂಡಕ್ಕಿಂತ ಬಿಸಿ ಅವರ ಬಾಯಿ. ಯಾಕೆ ಅಂದ್ರೆ, ಗೆಲ್ಲೋ ಹಾಗಿದ್ದ ಇಬ್ಬರೂ ಒಂದೇ ಟೀಮಿನೋರು. ಒಬ್ಬ ಕೊಡಗಿನ ಬೆಳ್ಳಿಯಪ್ಪ, ಹಳೇ ಹುಲಿ. ಇನ್ನೊಬ್ಬಳು ಮಂಗಳೂರಿನ ನಫೀಸಾ, ಹೊಸಬಳು. ಟೀಮಿನೋರು ಹೊಸ ಕಾರನ್ನ ಬೆಳ್ಳಿಯಪ್ಪನಿಗೆ ಕೊಟ್ಟು, ಹಳೇ ಕಾರನ್ನ ನಫೀಸಾಳಿಗೆ ಕೊಟ್ಟಿದ್ದರು. ಸರಿಯೋ ತಪ್ಪೋ? ಇದೇ ಜಗಳ.

ಟೈರ್ ಅಂಗಡಿ ರುದ್ರಮುನಿ ಬೆಳ್ಳಿಯಪ್ಪನ ಕಡೆ. ಹಾಲಿನ ಡೈರಿ ಷಡಕ್ಷರಿ ನಫೀಸಾಳ ಕಡೆ.

ಪಾಲಮ್ಮ ಮಗನಿಗೆ ಮೊದಲೇ ಹೇಳಿದ್ದಳು. "ನೋಡು ಓಬ, ಗಿರಾಕಿಗಳು ಜಗಳ ಆಡ್ತಾರೆ. ಎದುರು ಮಾತಾಡಬೇಡ. ಯಾರು ಏನಂದ್ರೂ ಹೂಂ ಅನ್ನು."

"ಆಗ್ಲವ್ವ!"

ರುದ್ರಮುನಿ ಬೋಂಡ ಕಚ್ಚಿ ಕೂಗಿದ. "ಆ ಹುಡುಗಿ ಗೇರು ಹುಡುಕೋದ್ರೊಳಗೆ ನಮ್ಮ ಬೆಳ್ಳಿಯಪ್ಪ ಮನೆಗೆ ಹೋಗಿ ಊಟ ಮಾಡಿರ್ತಾನೆ! ಹೌದೋ ಅಲ್ವೋ, ಓಬಳೇಶ?"

"ಹೂಂ!"

ಷಡಕ್ಷರಿ ಎದ್ದು ನಿಂತ. "ನಿಮ್ಮ ಬೆಳ್ಳಿಯಪ್ಪ ಕನ್ನಡಕ ಒರೆಸ್ಕೊಳ್ಳೋದ್ರೊಳಗೆ ತಿರುವೇ ಮುಗಿದಿರುತ್ತೆ! ಹೌದೋ ಅಲ್ವೋ?"

"ಹೂಂ!"

"ಏಯ್, ಅವನಿಗೂ ಹೂಂ, ನನಗೂ ಹೂಂ. ನಮ್ಮನ್ನ ಆಡ್ಕೊಳ್ತೀಯೇನೋ?" ರುದ್ರಮುನಿ ಗದರಿದ.

"ಹೂಂ!"

"ನಾವೇನು ಹುಚ್ಚರಾ?"

"ಹೂಂ!"

"ಒದೆ ಬೇಕಾ?"

"ಹೂಂ!"

ಬೆಳಗಿಂದ ಒಂದು ಮಾತಿಗೂ ಒಪ್ಪದೇ ಇದ್ದ ಇಬ್ಬರೂ ಈ ಕೆಲಸಕ್ಕೆ ಮಾತ್ರ ಒಪ್ಪಿದರು. ಓಬಳೇಶ ಬೆನ್ನು ಸವರಿಕೊಂಡು ಅವ್ವನ ಹತ್ತಿರ ಬಂದ.

"ಎಲ್ಲರಿಗೂ ಹೂಂ ಅಂತಾರೇನೋ ದಡ್ಡ! ಗಂಡಸಾದೋನು ಒಬ್ಬರ ಪಕ್ಕ ನಿಲ್ಲಬೇಕು. ನಿಂತ ಮೇಲೆ ಯಾರು ಎಳೆದರೂ ಕದಲಬಾರದು!"

"ಮೊದಲೇ ಹೇಳಬಾರದಿತ್ತೇನವ್ವ? ಇನ್ಮೇಲೆ ಕದಲಲ್ಲ!"

ಮಧ್ಯಾಹ್ನ ಪಡುವಣದಲ್ಲಿ ಮೋಡ ಕವಿಯಿತು. ಉಳಿದಿದ್ದದ್ದು ಕೊನೇ ಓಟ ಒಂದೇ. ಬೆಳ್ಳಿಯಪ್ಪ ಮುಂದೆ, ನಫೀಸಾ ಕೂದಲೆಳೆಯಷ್ಟು ಹಿಂದೆ. ಟೈರಿನ ಮಾತು ಶುರುವಾಯಿತು.

"ಮಳೆ ಗ್ಯಾರಂಟಿ! ಕೆಸರಿಗೆ ಮೆದು ಟೈರೇ ಬೇಕು" ಅಂದ ರುದ್ರಮುನಿ. "ಟೈರಿನ ವಿಷಯದಲ್ಲಿ ನನ್ನ ಮಾತೇ ಮಾತು!"

"ಅದೊಂದು ಮಾತು ಸರಿಯಾಗಿ ಆಡಿದೆ ನೋಡು" ಅಂದ ಷಡಕ್ಷರಿ. "ನಫೀಸಾಗೂ ಮೆದು ಟೈರೇ ಹಾಕ್ಲಿ!"

ಟೀಮಿನೋರಿಗೂ ಹಾಗೇ ಅನ್ನಿಸಿತ್ತು. ಬೆಳ್ಳಿಯಪ್ಪನ ಕಾರಿನ ಗಟ್ಟಿ ಟೈರು ಬಿಚ್ಚಿ ಮೆದು ಟೈರು ಹಾಕಿದರು. ಆಮೇಲೆ ನಫೀಸಾಳ ಕಾರಿನ ಕಡೆ ಜ್ಯಾಕ್ ತಂದರು. ನೋಡ್ತಾರೆ, ಕಾರಿನ ಪಕ್ಕ ಓಬಳೇಶ! ಬೋಂಡದ ಬುಟ್ಟಿ ತಲೆ ಮೇಲೆ, ಕಾಲು ನೆಲದಲ್ಲಿ ಊರಿದ್ದಾನೆ, ಬೆನ್ನು ಚಕ್ರಕ್ಕೆ ಆನಿಸಿದ್ದಾನೆ.

"ಏಯ್, ಸರಿಯೋ ಆಚೆ!"

"ಕದಲಲ್ಲ!"

"ಟೈರು ಬದಲಿಸಬೇಕು ಕಣೋ!"

"ಬದಲಿಸ್ಕೊಳ್ಳಿ. ನಾನು ಕದಲಲ್ಲ. ನಾನು ಈ ಅಕ್ಕನ ಪಕ್ಕ ನಿಂತಿದ್ದೀನಿ!"

ಕೈ ಹಿಡಿದು ಎಳೆದರು. ಸೊಂಟ ಹಿಡಿದು ಎಳೆದರು. ಷಡಕ್ಷರಿ ಓಡಿ ಬಂದು ಕಾಲಿಗೆ ಬಿದ್ದ. ಓಬಳೇಶ ಕದಲಲಿಲ್ಲ. ಅಷ್ಟರಲ್ಲಿ ಸಾಲಿಗೆ ಬರೋ ಸೀಟಿ ಊದಿಯೇ ಬಿಟ್ಟರು. ಅದಾದ ಮೇಲೆ ಟೈರು ಮುಟ್ಟೋ ಹಾಗಿಲ್ಲ.

ನಫೀಸಾ ಹೆಲ್ಮೆಟ್ಟಿನೊಳಗಿಂದ ನೋಡಿದಳು. "ಇನ್ನು ಹೊತ್ತಿಲ್ಲ. ಗಟ್ಟಿ ಟೈರಲ್ಲೇ ಹೋಗುವ. ಅಣ್ಣ, ನೀವು ಒಳ್ಳೇ ಸ್ನೇಹಿತ ಮಾರಾಯ್ರೆ!" ಅಂದು ಕಾರು ಚಾಲೂ ಮಾಡಿ, ಸಾಲಿನಲ್ಲಿ ಎಲ್ಲರ ಹಿಂದೆ ಹೋಗಿ ನಿಂತಳು. ಅವಳದ್ದೇ ಕೊನೇ ಕಾರು.

"ಪಕ್ಕ ನಿಂತು ಮುಳುಗಿಸಿಬಿಟ್ಟೆಯಲ್ಲೋ!" ಷಡಕ್ಷರಿ ಬಾಯಿ ಬಡಿದುಕೊಂಡ.

ಪಾಲಮ್ಮ ಜಾಲರಿ ಸೌಟು ಹಿಡಿದೇ ಬಂದಳು. "ಲೇ, ಕಾರಿಗೆ ಅಂಟ್ಕೊಂಡು ನಿಲ್ತಾರೇನೋ! ಮೈಮೇಲೆ ಹರಿದ್ರೆ? ಇನ್ಮೇಲೆ ಕಾರಿನ ಸದ್ದು ಕೇಳಿದ್ಯೋ, ಕೈಯಲ್ಲಿ ಏನಿದ್ರೂ ಎತ್ಕೊಂಡು ಗುಡ್ಡಕ್ಕೆ ಓಡು!"

"ಹಂಗೇ ಓಡ್ತೀನವ್ವ!"

ಮೊದಲ ಕಾರು ಬಿಡೋದ್ರೊಳಗೆ ಜನ ಎಲ್ಲ ಕಾಲುದಾರಿ ಹಿಡಿದು, ನೆತ್ತಿ ಹತ್ತಿರದ ತಿರುವಿಗೆ ಹೋದರು. ಅಲ್ಲಿ ನಿಂತರೆ ಓಟ ಚೆನ್ನಾಗಿ ಕಾಣುತ್ತೆ. ದಾರಿಯಂಚಿಗೆ ಒಂದು ಬಂಡೆ. ರುದ್ರಮುನಿಗೆ ಅದನ್ನೇ ಹತ್ತಬೇಕು.

"ಓಬಳೇಶ, ಸ್ವಲ್ಪ ಎತ್ತೋ. ಬೆಳ್ಳಿಯಪ್ಪ ಬರೋದನ್ನ ಎಲ್ಲರಿಗಿಂತ ಮೊದಲು ನಾನು ನೋಡಬೇಕು!"

ಓಬಳೇಶ ರುದ್ರಮುನಿಯ ಸೊಂಟ ಹಿಡಿದ. ಇನ್ನೇನು ಎತ್ತಬೇಕು, ಕೆಳಗಿನಿಂದ ಸದ್ದು ಬಂತು. ಬೆಳ್ಳಿಯಪ್ಪನ ಕಾರು! ಕಾರಿನ ಸದ್ದು! ಕೈಯಲ್ಲಿ ಏನಿದೆ? ರುದ್ರಮುನಿ ಇದ್ದಾನೆ. ಓಬಳೇಶ ರುದ್ರಮುನಿಯನ್ನ ಹೆಗಲಿಗೆ ಹಾಕ್ಕೊಂಡು ಗುಡ್ಡಕ್ಕೆ ಓಡಿದ!

"ಬಿಡೋ! ಬೆಳ್ಳಿಯಪ್ಪ! ಬೆಳ್ಳಿಯಪ್ಪ ಬಂದ! ಇಳಿಸೋ! ಮುಖ ಆ ಕಡೆ ಆದ್ರೂ ತಿರುಗಿಸೋ!"

ಓಬಳೇಶ ನಿಲ್ಲಲಿಲ್ಲ. ಹಿಂದೆ ಡಬ್ ಅಂತ ಸದ್ದಾಯಿತು. ಇಬ್ಬರೂ ತಿರುಗಿ ನೋಡ್ತಾರೆ, ಬೆಳ್ಳಿಯಪ್ಪನ ಟೈರು ಸೀಳಿದೆ, ಕಾರು ಅಡ್ಡಡ್ಡ ಜಾರಿ ಬಂದು ಬಾಲದಿಂದ ಆ ಬಂಡೆಗೇ ಗುದ್ದಿ ನಿಂತಿದೆ. ರುದ್ರಮುನಿ ನಿಂತಿರಬೇಕಾದ ಜಾಗದಲ್ಲಿ ಕಾರು ನಿಂತಿತ್ತು. ಬೆಳ್ಳಿಯಪ್ಪ ಇಳಿದು ಮೈ ಕೊಡವಿಕೊಂಡ. ಅವನಿಗೇನೂ ಆಗಿರಲಿಲ್ಲ.

ಮಳೆ ಎಲ್ಲಿ? ಗಾಳಿಕಂಬ ನೆಟ್ಟ ಗುಡ್ಡದಲ್ಲಿ ಮೋಡ ನಿಲ್ಲುತ್ತದಾ? ಗಾಳಿ ಅದನ್ನ ಯಾವಾಗಲೋ ಹೊತ್ತುಕೊಂಡು ಹೋಗಿತ್ತು. ಒಣ ದಾರಿಯ ಬೆಣಚುಕಲ್ಲು ಮೆದು ಟೈರನ್ನ ಸೌತೆಕಾಯಿ ಹಾಗೆ ಸೀಳ್ತಿತ್ತು. ಆಮೇಲೆ ಬಂದ ಕಾರುಗಳದ್ದೂ ಮೆದು ಟೈರೇ, ಒಂದೊಂದೂ ಕುಂಟ್ತಾ ಕುಂಟ್ತಾ ತಿರುವು ದಾಟಿದವು.

ರುದ್ರಮುನಿ ಹೆಗಲಿಂದ ಜಾರಿ ಇಳಿದ. ಪ್ರಾಣ ಉಳೀತು ಅನ್ನೋದು ಗೊತ್ತಿತ್ತು, ಆದ್ರೂ ಬೈಯದೇ ಇರಕ್ಕೆ ಆಗಲಿಲ್ಲ. "ಹೇಳದೇ ಕೇಳದೇ ಹೊತ್ಕೊಂಡು ಹೋಗ್ತಾರೇನೋ! ಏನು ಮಾಡೋದಿದ್ರೂ ಮೊದಲು ಬೇಕಾ ಅಂತ ಕೇಳು. ಬೇಕು ಅಂದ್ರೆ ಮಾಡು. ಸಾಕು ಅಂದ್ರೆ ಬಿಡು!"

"ಬೇಕು ಅಂದ್ರೆ ಮಾಡು, ಸಾಕು ಅಂದ್ರೆ ಬಿಡು" ಅಂತ ಓಬಳೇಶ ಬಾಯಿಪಾಠ ಮಾಡಿಕೊಂಡ.

ಅಷ್ಟರಲ್ಲಿ ಕೊನೇ ಕಾರಿನ ಸದ್ದು. ನಫೀಸಾ! ಹಳೇ ಕಾರು, ಗಟ್ಟಿ ಟೈರು, ದೂಳಿನ ಗೋಪುರ ಎಬ್ಬಿಸಿಕೊಂಡು ಬಂತು ನೋಡಿ! ತಿರುವಲ್ಲಿ ಅಡ್ಡ ನಿಂತಿದ್ದ ಬೆಳ್ಳಿಯಪ್ಪನ ಕಾರು ಕಂಡಿತು. ತಪ್ಪಿಸೋಕೆ ಹೋದಳು. ಹಿಂದಿನ ಚಕ್ರ ಚರಂಡಿಗೆ ಇಳಿದೇ ಬಿಟ್ಟಿತು. ಚಕ್ರ ತಿರುಗುತ್ತೆ, ಮಣ್ಣು ಹಾರುತ್ತೆ, ಕಾರು ಮಾತ್ರ ಅಲ್ಲೇ.

ಷಡಕ್ಷರಿ ಕಣ್ಣು ಮುಚ್ಚಿಕೊಂಡ. ಓಬಳೇಶ ಕಿಟಕಿ ಹತ್ತಿರ ಹೋಗಿ ಬಗ್ಗಿದ.

"ಅಕ್ಕ, ತಳ್ಳಬೇಕಾ?"

"ಬೇಕು ಮಾರಾಯ್ರೆ, ಬೇಕು! ಬೇಗ!"

ಓಬಳೇಶ ಹಿಂದೆ ಹೋಗಿ ಹೆಗಲು ಕೊಟ್ಟ. ಆಗ ಬೆಳ್ಳಿಯಪ್ಪ ಕೈಲಿದ್ದ ಹೆಲ್ಮೆಟ್ಟು ಬಿಸಾಕಿ ಕೂಗಿದ. "ಏನ್ರೀ ನೋಡ್ತಾ ನಿಂತಿದ್ದೀರಿ? ಬನ್ನಿ, ಇದೂ ನಮ್ಮ ಟೀಮಿನ ಕಾರೇ!" ತಾನೇ ಬಂದು ಕೈ ಹಚ್ಚಿದ. ಅವನು ಕೈ ಹಚ್ಚಿದ ಮೇಲೆ ರುದ್ರಮುನಿ ಸುಮ್ಮನಿರ್ತಾನಾ? ಅವನೂ ಬಂದ. ಷಡಕ್ಷರಿ ಕಣ್ಣು ಬಿಟ್ಟು ಬಂದ. ಪಾಲಮ್ಮ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಆ ಕಡೆಯೋರು, ಈ ಕಡೆಯೋರು, ಎಲ್ಲ ಒಂದೇ ಕಡೆ! "ಐಸಾ! ಐಸಾ! ಎತ್ತು! ತಳ್ಳು!" ಕಾರು ಚರಂಡಿಯಿಂದ ಜಿಗಿದು ದಾರಿಗೆ ಬಿತ್ತು, ಬಾಣದ ಹಾಗೆ ಹೋಯಿತು.

ಎಲ್ಲರೂ ಕುಣಿದರು. ಓಬಳೇಶ ಕುಣಿಯಲಿಲ್ಲ. ಅಕ್ಕ ಬೇಕು ಅಂದಿದ್ದಳು. ಸಾಕು ಅಂದಿರಲಿಲ್ಲ. ಎರಡೂ ಕೈ ಮುಂದೆ ಚಾಚಿ, ಬರೀ ಗಾಳಿಯನ್ನ ತಳ್ತಾ, ಕಾರು ಹೋದ ದಾರಿಯಲ್ಲಿ ಓಡಿದ!

"ಎಲ್ಲಿಗೋ ಓಡ್ತೀಯ?" ಜನ ಕೂಗಿದರು.

"ತಳ್ತಾ ಇದ್ದೀನಿ!"

ಏರು ಬಂತು, ತಳ್ಳಿದ. ಚಪ್ಪಲಿ ಕಿತ್ತು ಹೋಯಿತು, ಬರಿಗಾಲಲ್ಲೇ ತಳ್ಳಿದ. ದೂಳಿನಲ್ಲಿ ಕಾರು ಕಾಣದೇ ಹೋಯಿತು, ಆದ್ರೂ ತಳ್ಳಿದ. ನೆತ್ತಿ ಮೇಲೆ ನಫೀಸಾ ಕಾರಿನಿಂದ ಇಳಿದು, ಗೆದ್ದೆ ಅಂತ ಕೇಳಿ ಅಳ್ತಾ ನಗ್ತಾ ನಿಂತಿದ್ದಳು. ನೋಡ್ತಾಳೆ, ದೂಳಿನೊಳಗಿಂದ ಕೆಂಪುಗೆ ಕೆಂಪಾಗಿರೋ ಮನುಷ್ಯ ಒಬ್ಬ ಕೈ ಚಾಚಿಕೊಂಡು ಬರ್ತಿದ್ದಾನೆ! ನೆಟ್ಟಗೆ ಬಂದು ಕಾರಿಗೆ ಕೈ ಕೊಟ್ಟು ಮತ್ತೆ ತಳ್ಳೋಕೆ ಶುರು ಮಾಡಿದ.

"ಅಕ್ಕ... ಸಾಕಾ?"

"ಸಾಕು ಅಣ್ಣ! ಸಾಕು! ನಾವು ಗೆದ್ದಾಯ್ತು!"

"ಹಂಗಾದ್ರೆ ಸರಿ" ಅಂದು ಓಬಳೇಶ ಕೈ ಇಳಿಸಿದ.

ಹಿಂದೆಯೇ ಜನ ಬಂದು ಅವನನ್ನ ಎತ್ತಿಕೊಂಡರು. ತಮಟೆ ಬಡಿದರು. ಗೆದ್ದವರಿಗೆ ಅಂತ ತಂದಿದ್ದ ಹಾರಗಳನ್ನೆಲ್ಲ ತಂದು ಅವನ ಕೊರಳಿಗೇ ಹಾಕಿದರು. ಹೂವಿನೊಳಗೆ ಮೂಗಿನ ತುದಿ ಒಂದೇ ಕಾಣ್ತಿತ್ತು. ಪಾಲಮ್ಮನಿಗೆ ಕಣ್ಣು ತುಂಬಿ ಬಂತು. ಇಡೀ ಊರಿಗೆ ಊರೇ ತನ್ನ ಮಗನ ಹೆಸರು ಕೂಗೋದನ್ನ ಅವಳು ಕನಸಲ್ಲೂ ಕಂಡಿರಲಿಲ್ಲ. ಆದ್ರೂ ತಾಯಿ ಅಲ್ವಾ? ಪಕ್ಕಕ್ಕೆ ಕರೆದು ಕಿವಿ ಹಿಂಡಿದಳು.

"ಲೇ, ಎಲ್ಲ ಹಾರವನ್ನೂ ನೀನೊಬ್ಬನೇ ಹಾಕ್ಕೊಳ್ತೀಯೇನೋ! ತಳ್ಳಿದ್ದು ಊರೆಲ್ಲ. ನಿನ್ನ ಕೈಗೆ ಏನು ಬಂದ್ರೂ ಯಾರ ಪಾಲು ಅವರಿಗೆ ಕೊಡಬೇಕು. ತಿಳೀತಾ?"

"ತಿಳೀತವ್ವ!"

ಬಯಲಲ್ಲಿ ವೇದಿಕೆ ಹಾಕಿದ್ದರು. ನಫೀಸಾಳಿಗೆ ದೊಡ್ಡ ಹಿತ್ತಾಳೆ ಕಪ್ ಕೊಟ್ಟರು. ಎರಡು ಹಿಡಿ, ಮೇಲೊಂದು ಮುಚ್ಚಳ, ಕೆಳಗೆ ಅಗಲವಾದ ಪೀಠ. ಅವಳು ಮೈಕಿನಲ್ಲಿ ಹೇಳಿದಳು. "ಈ ಕಪ್ ನನ್ನೊಬ್ಬಳದಲ್ಲ. ಚರಂಡಿಯಿಂದ ಎತ್ತಿದವರೆಲ್ಲರ ಪಾಲೂ ಇದರಲ್ಲಿ ಉಂಟು!" ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಇಳಿದು ಬಂದು, "ಅಣ್ಣ, ಸ್ವಲ್ಪ ಇದನ್ನ ಹಿಡ್ಕೊಳ್ಳಿ. ಮುಖ ತೊಳೆದು ಬಂದು ಫೋಟೋ ತೆಗೆಸುವ" ಅಂತ ಕಪ್ ಓಬಳೇಶನ ಕೈಗೆ ಕೊಟ್ಟು ಹೋದಳು.

ಕೈಗೆ ಬಂತು! ಎಲ್ಲರ ಪಾಲೂ ಇದೆ ಅಂತ ಅಕ್ಕನೇ ಹೇಳಿದ್ದಾಳೆ. ಓಬಳೇಶ ಮೆಕ್ಯಾನಿಕ್‌ಗಳ ಡೇರೆಗೆ ಹೋದ. ಕಬ್ಬಿಣ ಕೊಯ್ಯೋ ಗರಗಸ ತಗೊಂಡ. ಕಿರ್ರ್, ಕಿರ್ರ್, ಕಿರ್ರ್!

ನಫೀಸಾ ಮುಖ ಒರೆಸಿಕೊಂಡು ಬರೋ ಹೊತ್ತಿಗೆ ಹಂಚಿಕೆ ನಡೀತಿತ್ತು. ಒಂದು ಹಿಡಿ ರುದ್ರಮುನಿಗೆ, ಇನ್ನೊಂದು ಹಿಡಿ ಷಡಕ್ಷರಿಗೆ. ಮುಚ್ಚಳ ಬೆಳ್ಳಿಯಪ್ಪನಿಗೆ. ನಡುವಿನ ಬಟ್ಟಲು ಪಾಲಮ್ಮನಿಗೆ. ಪಾಲಮ್ಮ ಅದನ್ನ ಹಿಡಿದು ಕಲ್ಲಾಗಿ ನಿಂತಿದ್ದಾಳೆ.

"ಬಾ ಅಕ್ಕ, ರ್ಯಾಲಿ ಹೆಸರು ಕೆತ್ತಿದ ತುಂಡು ನಿಂಗೇ ಎತ್ತಿಟ್ಟಿದ್ದೀನಿ!" ಅಂದು ಓಬಳೇಶ ಪೀಠವನ್ನ ಅವಳ ಕೈಲಿಟ್ಟ.

ನಫೀಸಾ ಕೈಲಿದ್ದ ತುಂಡು ನೋಡಿದಳು. ಬೆಳ್ಳಿಯಪ್ಪ ಮುಚ್ಚಳವನ್ನ ಟೋಪಿ ಹಾಗೆ ತಲೆ ಮೇಲೆ ಇಟ್ಟುಕೊಂಡ. ಅವಳು ಹೊಟ್ಟೆ ಹಿಡಿದು ನಗೋಕೆ ಶುರು ಮಾಡಿದಳು. ಬಯಲಿಗೆ ಬಯಲೇ ನಕ್ಕಿತು. ಎಲ್ಲರೂ ತಂತಮ್ಮ ತುಂಡು ಮೇಲೆತ್ತಿ ಫೋಟೋ ತೆಗೆಸಿಕೊಂಡರು.

ಫೋಟೋ ಮುಗಿಯೋದೇ ತಡ, "ನನ್ನ ಹಿಡಿ ನಿಂದಕ್ಕಿಂತ ಉದ್ದ" ಅಂದ ರುದ್ರಮುನಿ. "ನಿಂದು ಸೊಟ್ಟ" ಅಂದ ಷಡಕ್ಷರಿ. ಮತ್ತೆ ಶುರು!

ಓಬಳೇಶ ಅದನ್ನ ಕೇಳಿಸಿಕೊಳ್ಳಲಿಲ್ಲ. ಅವನ ಕಣ್ಣು ವೇದಿಕೆ ಕಡೆ ಹೋಗಿತ್ತು. ಅಲ್ಲಿ ಎರಡನೇ ಬಹುಮಾನದವನು, ಮೂರನೇ ಬಹುಮಾನದವನು, ಕಪ್ ಹಿಡಿದು ನಗ್ತಾ ನಿಂತಿದ್ದರು. ಓಬಳೇಶ ಗರಗಸ ಎತ್ತಿಕೊಂಡು ಮೆಟ್ಟಿಲು ಹತ್ತಿದ.

"ಕೊಡಿ ಸಾರ್, ನಿಮ್ಮದನ್ನೂ ಪಾಲು ಮಾಡಿಕೊಡ್ತೀನಿ!"

ಕಪ್ ಎದೆಗೆ ಅವಚಿಕೊಂಡು ಅವರು ವೇದಿಕೆಯಿಂದ ಹಾರಿದರು ನೋಡಿ! ಆ ದಿನದ ಓಟದಲ್ಲೆಲ್ಲ ಅಷ್ಟು ಜೋರಾಗಿ ಓಡಿದವರು ಅವರೇ. ಹಿಂದೆಯೇ ಗರಗಸ ಎತ್ತಿ ಹಿಡಿದು ಓಬಳೇಶ.

"ನಿಲ್ಲಿ ಸಾರ್! ಎಷ್ಟು ಜನ ತಳ್ಳಿದ್ರು ಅಂತ ಆದ್ರೂ ಹೇಳಿ ಹೋಗಿ!"